ಮದುಮಗಳ ತೊಗಟೆಬಟ್ಟೆ

ನಾಂದಿ ಊರಿನ ವಿಮಾನ ನಿಲ್ದಾಣದಲ್ಲಿ, ಹೊರಡುವವರ ಬಾಗಿಲ ಪಕ್ಕದಲ್ಲೇ ವಸೇಮಾದಾಳ ಮೇಜು. ಚಾಪೆ, ಬೀಸಣಿಗೆ, ಚಿಪ್ಪಿನ ಸರ ಎಲ್ಲ ಅವಳ ಕೈಯವೇ. ಗಂಡ ತೀರಿಕೊಂಡ ಮೇಲೆ ದ್ವೀಪ ಬಿಟ್ಟು ಬಂದು ಇಲ್ಲಿ ಕೂತವಳು, ಕೂತಲ್ಲೇ ಮಗಳು ಲಿತಿಯಾಳನ್ನು ಬೆಳೆಸಿದಳು.

ಶನಿವಾರ ಲಿತಿಯಾಳ ಮದುವೆ. ಮದುಮಗಳು ಉಡುವುದಕ್ಕೆಂದು ವಸೇಮಾದಾ ಮರದ ತೊಗಟೆಯನ್ನು ತಿಂಗಳುಗಟ್ಟಲೆ ಬಡಿದು ಬಟ್ಟೆ ಮಾಡಿದ್ದಳು. ಅಂಚಿನ ಕಪ್ಪು ಚಿತ್ತಾರವಷ್ಟೇ ಬಾಕಿ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮುಗಿಸೋಣವೆಂದು ಮೇಜಿಗೆ ತಂದಳು. ಅವಳು ಮಾಡಿದ ತಪ್ಪು ಅದೊಂದೇ.

ಪ್ರವಾಸಿ ಹೆಂಗಸೊಬ್ಬಳು ಆ ಬಟ್ಟೆಯ ಬೆಲೆ ಕೇಳಿದಳು. ಇವಳು ಮಾರುವುದಲ್ಲವೆಂದು ತಲೆಯಾಡಿಸಿ ಕಳಿಸಿದಳು.

"ಆಯಮ್ಮ ಪರ್ಸ್ ಬಿಚ್ಕೊಂಡು ನಿಂತಿದ್ಲಲ್ಲೇ!" ಎಂದಳು ಪಕ್ಕದ ಮೇಜಿನ ಕೆಲೆರಾ.

"ಹೊರಗಿನೋರಿಗೆ ಇಲ್ಲ ಅನ್ನೋದೇನು ಕಷ್ಟ ಬಿಡೇ."

"ಅದಕ್ಕೇ ಹೇಳ್ತಿರೋದು, ನೆಂಟ್ರು ಬರೋಕ್ಮುಂಚೆ ಒಳಗಿಡು. ಕಳ್ಳರಾದ್ರೆ ಪೊಲೀಸ್ರನ್ನ ಕರೀಬಹುದು."

ಇಬ್ಬರೂ ನಗುತ್ತಿರುವಾಗಲೇ ವಸೇಮಾದಾಳ ಗಂಡನ ಅಣ್ಣ ಅಪೆನಿಸಾ ಬಂದ. ತಮ್ಮನ ಸಾವಿಗೆ ಹಂದಿ, ಚಾಪೆ ಎಲ್ಲ ತಂದು ಹೆಗಲು ಕೊಟ್ಟವನು.

"ಚೆನ್ನಾಗಿದೀಯೇನವ್ವ, ವಸೇ?"

"ಬನ್ನಿ ಭಾವ. ಎಲ್ಲಿಗೆ ಹೊರಟ್ರಿ?"

"ಬ್ರಿಸ್ಬೇನಿಗೆ, ಮೊಮ್ಮಗು ನೋಡೋಕೆ. ಲಿತಿಯಾ ಮದುವೆಗೆ ಇರೋಕಾಗ್ತಿಲ್ಲ, ಬೇಜಾರು ಮಾಡ್ಕೋಬೇಡ. ಬೀಗರ ಮನೆಗೆ ಕೈಬೀಸ್ಕೊಂಡು ಹೋಗೋಕಾಗುತ್ತಾ, ಹೇಳು?" ಎನ್ನುತ್ತ ಬಟ್ಟೆಯ ಮೇಲೆ ಕೈಯಾಡಿಸಿದ.

ವಸೇಮಾದಾ ಗಡಿಬಿಡಿಯಲ್ಲಿ ಚಾಪೆ, ಬೀಸಣಿಗೆ ಎಲ್ಲ ಮುಂದೆ ತಳ್ಳಿದಳು. "ಈ ಚಾಪೆ ತಗೊಳ್ಳಿ ಭಾವ, ಇದನ್ನೂ ತಗೊಳ್ಳಿ. ಅದು... ಅದರ ಬಣ್ಣ ಇನ್ನೂ ಹಸಿ."

"ಹೋಗ್ತಾ ಒಣಗುತ್ತೆ ಬಿಡು." ಆಮೇಲೆ ತಲೆ ತಗ್ಗಿಸಿ, ದನಿ ಇಳಿಸಿ ಅಂದ: "ಕೆರೆಕೆರೆ, ವಸೇ."

ನೆಂಟರ ಬಾಯಿಂದ ಬೇಡಿಕೆಯ ಆ ಮಾತು ಬಂದಮೇಲೆ ಮುಗಿಯಿತು. ಕೇಳಿದ್ದನ್ನು ಕೊಡಬೇಕು. ಇಲ್ಲವೆಂದವಳ ಮನೆಯಲ್ಲಿ ನಾಳೆ ಯಾರೂ ನೀರು ಮುಟ್ಟುವುದಿಲ್ಲ. ಇದು ಮಗಳದು ಅಂದರೂ ಅದು ಇಲ್ಲ ಅಂದಂತೆಯೇ. ಕೈ ತಾನಾಗಿಯೇ ಬಟ್ಟೆ ಮಡಚಿತು. ಬಣ್ಣ ಅಂಟದಂತೆ ನಡುವೆ ಬಾಳೆಲೆಯನ್ನೂ ಇಟ್ಟಿತು.

ಅಪೆನಿಸಾನ ಕಣ್ಣು ತುಂಬಿಬಂತು. "ನನ್ನ ತಮ್ಮನ ಹೆಂಡತಿ ಅಂದ್ರೆ ನೀನು" ಎಂದು ಹರಸಿ ಒಳಗೆ ಹೋದ.

ಸಂಜೆ ಮನೆಯಲ್ಲಿ ಲಿತಿಯಾ ಕೇಳಿದಳು, "ಅಂಚು ಮುಗೀತಾಮ್ಮ?"

"ದೊಡ್ಡಪ್ಪ ಬಂದಿದ್ರು."

ಮಗಳು ಕೂತುಬಿಟ್ಟಳು. "ಕೆರೆಕೆರೆ ಅಂದ್ರಾ?"

"ಅಂದ್ರು."

ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿತು. "ಹಾಗಾದ್ರೆ ನೀನಾದ್ರೂ ಏನ್ಮಾಡ್ತೀಯಮ್ಮ."

ಬೈದಿದ್ದರೆ ವಸೇಮಾದಾ ಎದುರುತ್ತರ ಕೊಡುತ್ತಿದ್ದಳು, ಅತ್ತಾದರೂ ಬಿಡುತ್ತಿದ್ದಳು. ಮಗಳು ಬೈಯಲಿಲ್ಲ.