ಮುನಿರಾಜುವಿನ ತಟ್ಟೆ

ಸೇನೆಯಿಂದ ರಜೆಗೆ ಬರುವಾಗ ಮುನಿರಾಜು ರೈಲಿನಲ್ಲೇ ಹುರುಳಿಕಾಳು ಮೊಳಕೆ ಕಟ್ಟುತ್ತಿದ್ದ. ಉತ್ತರದ ಯಾವುದೋ ಊರಿನಲ್ಲಿ ರೈಲು ಹತ್ತುವ ಮುಂಚೆ ಕಾಳು ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಸೀಟಿನ ಪಕ್ಕದ ಕೊಕ್ಕೆಗೆ ನೇತುಹಾಕಿಬಿಡುವನು. ಬಂಗಾರಪೇಟೆ ತಲುಪುವ ಹೊತ್ತಿಗೆ ಗಂಟಿನ ತುಂಬ ಬಿಳಿ ಮೊಳಕೆ. ಪ್ಲಾಟ್‌ಫಾರಮ್ಮಿನಲ್ಲಿ ಕಾಯುತ್ತಿದ್ದ ನನ್ನನ್ನು ಚೆನ್ನಾಗಿದ್ದೀಯಾ ಎಂದು ಕೇಳುವುದಕ್ಕೂ ಮೊದಲು ಗಂಟು ಬಿಚ್ಚಿ, ಒಂದು ಹಿಡಿ ನನ್ನ ಅಂಗೈಗೆ ಸುರಿದು, "ತಿನ್ಲಾ ಸೀನ, ನೋಡು ಎಂಗೆ ಸೊರಗೋಗಿದ್ದೀಯ" ಅನ್ನುತ್ತಿದ್ದ. ಆಮೇಲೆ ನನ್ನ ಬೈಕಿನ ಹಿಂದೆ ಕೂರುತ್ತಿದ್ದ. ಅವನ ಭಾರಕ್ಕೆ ಬೈಕಿನ ಮುಂದಿನ ಚಕ್ರ ಹಗುರಾದಂತೆ ಅನ್ನಿಸುತ್ತಿತ್ತು.

ನಾವಿಬ್ಬರೂ ಬೂದಿಕೋಟೆ ಹತ್ತಿರದ ಒಂದೇ ಊರಿನವರು, ಒಂದೇ ಬೆಂಚಿನಲ್ಲಿ ಕೂತು ಓದಿದವರು. ನಾನು ಈಗ ಶಾಲೆಯಲ್ಲಿ ಮೇಷ್ಟ್ರು. ಅವನು ತಂದೆಯಿಲ್ಲದ ಮಗ. ತಾಯಿ ಮುನಿಯಮ್ಮ ಕೂಲಿಗೆ ಹೋಗಿ ಸಾಕಿದಳು. ಕಾಲೇಜಿಗೆ ಅಂತ ಕೆಜಿಎಫ್‌ಗೆ ಹೋಗುತ್ತಿದ್ದಾಗ ಆಂಡರ್ಸನ್‌ಪೇಟೆಯ ಒಂದು ತಗಡಿನ ಶೆಡ್ಡಿನ ಗರಡಿ ಅವನ ಕಣ್ಣಿಗೆ ಬಿತ್ತು. ಗಣಿ ಕೆಲಸದವರ ಮನೆಯಲ್ಲಿ ಹುಟ್ಟಿದ, ತಮಿಳು ಮಾತಿನ ಮಾಸ್ಟರ್ ಒಬ್ಬರು ಅದನ್ನು ನಡೆಸುತ್ತಿದ್ದರು. ನಾನೂ ಜೊತೆಗೆ ಹೋಗಿ ವಾರ ತುಂಬುವ ಮೊದಲೇ ಕೈಕಾಲು ಎತ್ತಲಾರದೆ ಬಿಟ್ಟೆ. ಅವನು ಬಿಡಲಿಲ್ಲ. ಮಾಸ್ಟರ್ ಮೊದಲ ದಿನ ಹೇಳಿದ ಮಾತು ಅವನಿಗೆ ಮಂತ್ರವಾಗಿಬಿಟ್ಟಿತ್ತು: "ತಂಬಿ, ಕಬ್ಣ ಎತ್ತೋದು ದೊಡ್ಡದಲ್ಲ. ಮೈಯಿ ಬೆಳ್ಯೋದು ತಟ್ಟೇಲಿ."

ಸೇನೆಗೆ ಸೇರಿದ ಮೇಲೂ ಅವನ ಯೋಚನೆಯೆಲ್ಲ ತಟ್ಟೆಯದೇ. ಪಡೆಯ ಅಡುಗೆಮನೆಯನ್ನು ಅಲ್ಲಿ ಲಂಗರ್ ಅನ್ನುತ್ತಾರೆ. ಬೆಳಗ್ಗೆ ಪೂರಿ, ಮಧ್ಯಾಹ್ನ ಅನ್ನ, ಆಲೂಗಡ್ಡೆ, ಹಬ್ಬ ಬಂದರೆ ಜಿಲೇಬಿ. "ಮೈ ಕಟ್ಟೋನಿಗೆ ಇದು ವಿಷ ಕಣ್ಲಾ" ಎಂದು ಫೋನಿನಲ್ಲಿ ನಗುತ್ತಿದ್ದ. ಪೂರಿಯನ್ನು ಹಳೇ ಪೇಪರಿನಲ್ಲಿ ಒತ್ತಿ ಎಣ್ಣೆ ತೆಗೆದು ತಿನ್ನುತ್ತಿದ್ದನಂತೆ. ತನ್ನ ಪಾಲಿನ ಜಿಲೇಬಿಯನ್ನು ಮೊಟ್ಟೆ ಮುಟ್ಟದ ರಾಜಸ್ಥಾನದ ಜವಾನರಿಗೆ ಕೊಟ್ಟು ಅವರ ಪಾಲಿನ ಮೊಟ್ಟೆ ಈಸಿಕೊಳ್ಳುತ್ತಿದ್ದನಂತೆ. ಒಂದು ದಿನ ಕವಾಯತಿನಲ್ಲಿ ಸುಬೇದಾರರು ಅವನ ಉಬ್ಬಿದ ಜೇಬಿಗೆ ಕೈಹಾಕಿದರೆ ಬರೀ ಮೊಟ್ಟೆಯ ಸಿಪ್ಪೆ! ಇದೇನೆಂದು ಗದರಿದರು. "ಗುಂಡು ಖರ್ಚಾಯ್ತು ಸಾಬ್, ಖಾಲಿ ತೋಟಾ ಉಳ್ಕಂಡೈತೆ ಅಂದೆ. ಅವರಿಗೂ ನಗು ಬಂದ್ಬಿಡ್ತು. ಆದ್ರೂ ಮೈದಾನ ಸುತ್ತು ಹಾಕ್ಸಿದ್ರು ಕಣ್ಲಾ!"

ಒಂದು ರಜೆಯಲ್ಲಿ ರಾಬರ್ಟ್‌ಸನ್‌ಪೇಟೆಯಲ್ಲಿ ದೇಹದಾರ್ಢ್ಯ ಸ್ಪರ್ಧೆ ಇತ್ತು. ಅದಕ್ಕೂ ಮುಂಚಿನ ದಿನಗಳಲ್ಲಿ, ಮಾಂಸಖಂಡ ಎದ್ದು ಕಾಣಲೆಂದು ಅವನು ಉಪ್ಪು ಬಿಟ್ಟ, ಕಡೆಗೆ ನೀರನ್ನೂ ಕಡಿಮೆ ಮಾಡಿದ. ವರ್ಷಕ್ಕೊಮ್ಮೆ ಬರುವ ಮಗನಿಗೆ ಸಪ್ಪೆ ಕೋಳಿ ಬೇಯಿಸಿಕೊಡಬೇಕಾದ ಮುನಿಯಮ್ಮ ಒಲೆಯ ಮುಂದೆ ಅಳುತ್ತಾ ಕೂತಳು. "ಉಪ್ಪಿಲ್ದಿರೋದನ್ನ ನಾಯಿಗೂ ಇಕ್ಕಲ್ಲ ಕಣಪ್ಪ. ನಾನು ಎತ್ತ ಮಗನಿಗೆ ಎಂಗೆ ಇಕ್ಕಲಿ?" ಅವನು ಅಮ್ಮನ ಗಲ್ಲ ಹಿಡಿದು, "ಇನ್ನೆರಡೇ ದಿನ ತಡ್ಕಳಮ್ಮ. ಆಮೇಲೆ ನೀನು ಇಕ್ಕಿದ್ದೆಲ್ಲಾ ಉಣ್ತೀನಿ" ಎಂದ. ವೇದಿಕೆಯ ಮೇಲೆ ಮೈಗೆಲ್ಲ ಎಣ್ಣೆ ಬಳಿದುಕೊಂಡು ಚಡ್ಡಿಯಲ್ಲಿ ನಿಂತ ಮಗನನ್ನು ಕಂಡು ಅವಳು ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆದರೆ ಚಪ್ಪಾಳೆ ಬಿದ್ದಾಗ ಸೆರಗಿನ ಸಂದಿಯಿಂದ ನೋಡುತ್ತಿದ್ದಳು. ಎರಡನೇ ಬಹುಮಾನ ಬಂತು. ಅವತ್ತು ಮನೆಯಲ್ಲಿ ಅವನು ಮುದ್ದೆಯ ಮೇಲೆ ಮುದ್ದೆ ಉಂಡ. ಅಷ್ಟು ಖುಷಿಯಾಗಿ ಉಣ್ಣುವವರನ್ನು ನಾನು ಮತ್ತೆ ಕಂಡಿಲ್ಲ.

ಸೇನೆಯ ದೇಹದಾರ್ಢ್ಯ ತಂಡಕ್ಕೆ ಸೇರಬೇಕೆಂಬುದು ಅವನ ಆಸೆ. ತರಬೇತಿ ಶಿಬಿರಕ್ಕೆ ಹೆಸರೂ ಬಂತು. ಅದಕ್ಕೂ ಮೊದಲು ಹಿಮದ ಬೆಟ್ಟದ ಮೇಲಿನ ಠಾಣೆಯಲ್ಲಿ ಒಂದು ಚಳಿಗಾಲ ಕಳೆಯಬೇಕಿತ್ತು. ಅಲ್ಲಿಂದ ಫೋನ್ ಮಾಡಿದಾಗ ದನಿ ಸಣ್ಣಗಾಗಿತ್ತು. "ಇಲ್ಲಿ ಯಾರಿಗೂ ಅಸಿವಾಗಲ್ಲ ಕಣ್ಲಾ. ಡಬ್ಬಿ ಊಟ, ಬಾಯಿಗಿಟ್ರೆ ವಾಕರಿಕೆ. ಎಲ್ರೂ ಸಣ್ಣ ಆಗವ್ರೆ. ನಾನೊಬ್ನೇ ಬಲವಂತವಾಗಿ ನುಂಗ್ತಾ ಇವ್ನಿ. ಆದ್ರೂ ಮೈ ಇಳೀತಾ ಐತೆ." ಹೊಟ್ಟೆ ನೋಯುತ್ತದೆ ಎಂದೂ ಒಮ್ಮೆ ಹೇಳಿದ. ಮರುಕ್ಷಣವೇ, "ಎತ್ತರಕ್ಕೆ ಇಂಗಾಯ್ತದೆ. ಕೆಳಗಿಳಿದ್ರೆ ಸರಿಹೋಯ್ತದೆ" ಎಂದು ತಾನೇ ಸಮಾಧಾನ ಹೇಳಿಕೊಂಡ. ಅಲ್ಲಿ ಎಲ್ಲರೂ ಸೊರಗಿದ್ದರಿಂದ ಅವನು ಸೊರಗಿದ್ದು ಯಾರಿಗೂ ಬೇರೆಯಾಗಿ ಕಾಣಲಿಲ್ಲ.

ಇಳಿದು ರಜೆಗೆ ಬಂದ. ಬಂಗಾರಪೇಟೆ ನಿಲ್ದಾಣದಲ್ಲಿ ಅವನೇ ಬಂದು ಭುಜ ಮುಟ್ಟುವವರೆಗೆ ನನಗೆ ಗುರುತು ಸಿಗಲಿಲ್ಲ. ಅಂಗಿ ಹೆಗಲಿನಿಂದ ಜೋತಾಡುತ್ತಿತ್ತು. ಮಾರನೆಯ ದಿನವೇ ಗರಡಿಗೆ ಹೊರಟ. ಶಿಬಿರ ಶುರುವಾಗುವುದರೊಳಗೆ ಮೈ ತುಂಬಿಕೊಳ್ಳಬೇಕು ಎಂಬ ಆತುರ. ಅಂಗಿ ಬಿಚ್ಚಿದ ಅವನನ್ನು ಮಾಸ್ಟರ್ ಬಹಳ ಹೊತ್ತು ನೋಡಿದರು. ಅವನು ಎತ್ತಲು ಹೋದ ಕಬ್ಬಿಣವನ್ನು ಕಾಲಿನಿಂದ ಅದುಮಿ ಹಿಡಿದು, "ವೇಣಾಂ, ಬೇಡ ತಂಬಿ. ಇಲ್ಲಿಗಲ್ಲ ನೀನು ಬರ್ಬೇಕಾದ್ದು. ಆಸ್ಪತ್ರೆಗೆ ಓಗು" ಎಂದರು.

ಕರುಳಿನಲ್ಲಿ ಗಡ್ಡೆ ಇತ್ತು. ಬೆಂಗಳೂರಿನ ಸೇನಾ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದರು. ಅಷ್ಟರಲ್ಲಿ ಅದು ಬೇರೆ ಕಡೆಗೂ ಹರಡಿತ್ತು.

ಊರಿನಲ್ಲಿ ಬಾಯಿಗಳು ಸುಮ್ಮನಿರಲಿಲ್ಲ. ಬೆಳಗ್ಗೆ ಹಾಲಿನ ಡೇರಿಯ ಮುಂದೆ ಯಾರೋ, "ಅಷ್ಟೊಂದು ಮೊಟ್ಟೆ ತಿಂದ್ರೆ ಕರುಳು ಸುಮ್ನಿದ್ದಾತಾ?" ಅಂದದ್ದು ಮುನಿಯಮ್ಮನ ಕಿವಿಗೆ ಬಿತ್ತು. ಅವಳು ಹಾಲು ಹಾಕಿ ಮನೆಗೆ ಬಂದಳು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರರನ್ನು ತಡೆದು ನಿಲ್ಲಿಸಿ ಕೇಳಿದಳು: "ಮೊಟ್ಟೆ ತಿಂದಿದ್ದಕ್ಕೆ ಬಂತಾ ಸಾಮಿ? ನಿಜ ಯೇಳಿ." ಅವರು ಅವಳನ್ನು ಕೂರಿಸಿ, "ಇಲ್ಲಮ್ಮ. ಮೊಟ್ಟೆಯಿಂದ ಬಂದದ್ದಲ್ಲ ಇದು. ಮೈ ಗಟ್ಟಿಯಿದ್ದದ್ದಕ್ಕೇ ಇಷ್ಟು ದಿನ ತಡೆದಿದ್ದಾನೆ" ಎಂದರು. ಮರುದಿನ ಅವಳು ಡೇರಿಯ ಮುಂದೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ನನ್ ಮಗ ಕುಡೀಲಿಲ್ಲ, ಸೇದ್ಲಿಲ್ಲ. ಒಟ್ಟೆಗೆ ತಿಂದ. ಅದನ್ಯಾಕ್ರಮ್ಮ ಆಡ್ಕಂತೀರ?" ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ನಾನು ಅವನನ್ನು ಕೊನೆಯ ಸಲ ಕಂಡದ್ದು ಒಂದು ಭಾನುವಾರ. ಮುನಿಯಮ್ಮನ ಜೊತೆ ಬೆಳಗಿನ ರೈಲಿಗೆ ಹೋದೆ. ಅವನಿಗೆ ಆಗ ಬಾಯಿಂದ ಏನೂ ಇಳಿಯುತ್ತಿರಲಿಲ್ಲ. ಕೈಗೆ ಚುಚ್ಚಿದ ನಳಿಗೆಯಲ್ಲಿ ಹೋದಷ್ಟೇ ಆಹಾರ. ಮಧ್ಯಾಹ್ನ ನಮಗೆಂದು ತಂದಿದ್ದ ಬುತ್ತಿ ಹಿಡಿದು ಹೊರಗೆ ಹೊರಟಾಗ ಅವನು ಕರೆದ.

"ಎಲ್ಲಿಗ್ಲಾ? ಇಲ್ಲೇ ಕೂತ್ಕಂಡು ಉಣ್ಣು."

"ಬ್ಯಾಡ ಕಣ್ಲಾ, ನಿನ್ನ ಮುಂದೆ..."

"ನನ್ ಮುಂದೇನೇ ಉಣ್ಣು. ಕಣ್ಣಾಗಾದ್ರೂ ಉಣ್ಣಾಕೆ ಬಿಡ್ಲಾ."

ಮುನಿಯಮ್ಮ ತಟ್ಟೆಗೆ ಮುದ್ದೆ, ಸೊಪ್ಪಿನ ಪಲ್ಯ ಇಟ್ಟು ಬಸ್ಸಾರು ಬಿಟ್ಟಳು. ನಾನು ಮುರಿದು ಅದ್ದಿ ನುಂಗಿದೆ. ಪ್ರತಿ ತುತ್ತಿಗೂ ಅವನ ಕಣ್ಣು ನನ್ನ ಗಂಟಲಿನ ಮೇಲೇ ಇತ್ತು. "ಆ ಸೊಪ್ಪು ಬದಿಗೆ ತಳ್ತಾ ಇದ್ದೀಯಲ್ಲ, ತಿನ್ನು. ಮಕ್ಕಳಿಗೆ ಪಾಠ ಯೇಳೋನು ನೀನು" ಎಂದು ಗದರಿದ. ತಿಂದೆ. ಆಮೇಲೆ ತಾಯಿಯ ಕಡೆ ತಿರುಗಿ, "ಅಮ್ಮ, ನೀನೂ ಇಕ್ಕಳಮ್ಮ" ಎಂದ. ಮಗ ಉಣ್ಣುವುದನ್ನು ಬಿಟ್ಟಾಗಿನಿಂದ ಅವಳು ಅವನೆದುರು ಒಂದು ತುತ್ತೂ ಬಾಯಿಗಿಟ್ಟಿರಲಿಲ್ಲ. ಅವತ್ತು ನೆಲದ ಮೇಲೆ ಕೂತು, ಕಣ್ಣೀರು ತಟ್ಟೆಗೆ ಬೀಳುತ್ತಿದ್ದರೂ ಒರೆಸಿಕೊಳ್ಳದೆ, ಒಂದು ಇಡೀ ಮುದ್ದೆ ಉಂಡಳು. ಅವಳು ತಟ್ಟೆ ತೊಳೆದಿಡುವವರೆಗೂ ಅವನು ಕಣ್ಣು ಮುಚ್ಚಲಿಲ್ಲ.

ಆ ವಾರದಲ್ಲೇ ಸೇನೆಯ ವಾಹನದಲ್ಲಿ ಅವನನ್ನು ಊರಿಗೆ ತಂದರು. ಆಂಡರ್ಸನ್‌ಪೇಟೆಯಿಂದ ಮಾಸ್ಟರ್ ಬಂದಿದ್ದರು. ನಾನು, ಅವರು, ಜವಾನರು ಸೇರಿ ಪೆಟ್ಟಿಗೆಗೆ ಹೆಗಲು ಕೊಟ್ಟೆವು. ಭಾರ ಇದ್ದೀತೆಂದು ಕಾಲು ಊರಿ ಜೋರಾಗಿ ಎತ್ತಿದ ಮಾಸ್ಟರ್ ಒಂದು ಕ್ಷಣ ತಡವರಿಸಿದರು. ಅದರಲ್ಲಿ ಭಾರವೇ ಇರಲಿಲ್ಲ.