ತಂಗಿಯ ಸ್ವರ ಬಿದ್ದುಹೋದದ್ದು

ಇತ್ತೀಚೆಗೆ ನನ್ನ ತಂಗಿ ಪ್ರತಿಮಾಳ ಸ್ವರ ಬಿದ್ದುಹೋಯಿತು. ಶೀತವಿಲ್ಲ, ಜ್ವರವಿಲ್ಲ. ಬೆಳಿಗ್ಗೆ ವಾಮಂಜೂರಿನ ಮನೆಯಲ್ಲಿ ಮಗಳನ್ನು ಗದರಿಸಿ ಶಾಲೆಗೆ ಕಳಿಸಿದವಳು, ಮಂಗಳೂರಿನ ಪಂಪ್‌ವೆಲ್‌ನಲ್ಲಿ ಬಸ್ಸಿಳಿಯುವಾಗ ಪಿಸುಗುಟ್ಟುತ್ತಿದ್ದಳು.

ಅವಳ ಕೆಲಸವೇ ಮಾತಾಡುವುದು. ಇನ್ಶೂರೆನ್ಸ್ ಆಫೀಸೊಂದರಲ್ಲಿ ಗ್ರಾಹಕರ ಫೋನ್ ತೆಗೆದುಕೊಳ್ಳುತ್ತಾಳೆ. ಸ್ವರವೇ ಇಲ್ಲದಿದ್ದರೆ ಕೆಲಸ ಉಳಿದೀತೇ?

ಫಳ್ನೀರಿನ ಇಎನ್‌ಟಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕ್ಯಾಮೆರಾ ಇಳಿಸಿ ನೋಡಿದರು. "ಗಂಟಲಲ್ಲಿ ಎಂತದೂ ಇಲ್ಲ," ಎಂದವರು ಸ್ವಲ್ಪ ತಡೆದು ಕೇಳಿದರು, "ಆಫೀಸಲ್ಲಿ ಎಂತಾದರೂ ತೊಂದರೆ ಉಂಟಾ ಅಮ್ಮ?"

ತಂಗಿ ಅಲ್ಲೇ ಅತ್ತಳು.

ಹೊಸದಾಗಿ ಬಂದ ಟೀಮ್ ಲೀಡರ್ ಅವಳ ಇಂಗ್ಲಿಷನ್ನು ಅಣಕಿಸುತ್ತಿದ್ದನಂತೆ. ಅವಳು ಫೋನಿನಲ್ಲಿರುವಾಗ ಹಿಂದೆ ನಿಂತು ಅವಳು ಹೇಳಿದ್ದನ್ನೇ ಮೂಗಿನಲ್ಲಿ ಹೇಳುವುದು. ಮೀಟಿಂಗಿನಲ್ಲಿ ಅವಳ ಕಾಲ್ ರೆಕಾರ್ಡಿಂಗ್ ಹಾಕಿ, "ಇದು ಇಂಗ್ಲಿಷಾ, ತುಳುವಾ?" ಎಂದು ಕೇಳುವುದು. (ಅದಕ್ಕೆ ಅವನಿಟ್ಟ ಹೆಸರು ಟ್ರೈನಿಂಗ್.) ಎಲ್ಲರೂ ನಗುತ್ತಿದ್ದರು.

ಮೊದಲು ನಿದ್ದೆ ಹೋಯಿತು. ಆಮೇಲೆ ಆಫೀಸಿನಲ್ಲಿ ಉಂಡದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಕೊನೆಗೆ ಹೋದದ್ದು ಸ್ವರ.

"ಮೊದಲೇ ಹೇಳಬಾರದಿತ್ತಾ?" ಎಂದೆ.

"ಎಂತ ಹೇಳುದು ಅಕ್ಕ? ಅವ ಹೊಡೀಲಿಲ್ಲ, ಬೈಲಿಲ್ಲ. ತಮಾಷೆಗೆ ಕಂಪ್ಲೇಂಟ್ ಕೊಡ್ಲಿಕ್ಕೆ ಆಗ್ತದಾ?"

ಆದರೂ ಕೊಟ್ಟಳು. ಎಚ್‌ಆರ್ ಮ್ಯಾನೇಜರ್, "ಅವರು ಸ್ವಲ್ಪ ಜಾಲಿ ಟೈಪ್. ಅಡ್ಜಸ್ಟ್ ಮಾಡಿಕೊಳ್ಳಿ ಮೇಡಂ," ಎಂದರು. ಅವಳು ಪಟ್ಟು ಬಿಡದೆ ಇದ್ದುದರಿಂದ ಸಾಕ್ಷಿಗೆಂದು ಟೀಮಿನವರನ್ನೆಲ್ಲ ಕರೆಸಿದಾಗ ಒಬ್ಬೊಬ್ಬರೂ ನೆಲ ನೋಡಿದರು. (ನಕ್ಕದ್ದು ಯಾರಿಗೂ ನೆನಪಿಲ್ಲ.) ಪಕ್ಕದ ಸೀಟಿನ ಸಫ್ವಾನಾ ಮಾತ್ರ ಬಾಯಿ ತೆರೆದಳು.

"ಹೌದು ಸರ್, ದಿನಾ ಮಾಡ್ತಾರೆ. ನಾನು ಸಹ ನಗಾಡಿದ್ದೇನೆ. ನಗಾಡದಿದ್ರೆ ನಾಳೆ ನನ್ನನ್ನೇ ಹಿಡೀತಾರೆ ಅಂತ ಹೆದರಿಕೆ ಇತ್ತು."

ಅದಾದ ಮೇಲೆ ಇನ್ನಿಬ್ಬರು ಹೂಂ ಎಂದರಂತೆ.

ಟೀಮ್ ಲೀಡರ್‌ನನ್ನು ಬೇರೆ ವಿಭಾಗಕ್ಕೆ ಹಾಕಿದರು. ಅವನಿಂದ ಕ್ಷಮೆ ಕೇಳಿಸಲಿಲ್ಲ. ತಂಗಿ ಈಗ ಕೌನ್ಸೆಲಿಂಗ್‌ಗೆ ಹೋಗುತ್ತಾಳೆ, ಸ್ವರ ಮುಕ್ಕಾಲು ಪಾಲು ಮರಳಿದೆ. ಲಿಫ್ಟಿನಲ್ಲಿ ಅವನು ಎದುರಾದರೆ ಇವತ್ತಿಗೂ ಮಾತು ಪಿಸುಮಾತಿಗೆ ಇಳಿಯುತ್ತದೆ. ಮಧ್ಯಾಹ್ನ ಮಾತ್ರ ಸಫ್ವಾನಾಳ ಜೊತೆ ಕೂತು ಊಟ ಮಾಡುತ್ತಾಳೆ. ಹೊಟ್ಟೆಯಲ್ಲಿ ನಿಲ್ಲುತ್ತದೆ.

ನಿಮ್ಮ ಆಫೀಸಿನಲ್ಲಿ ಬಾಸ್ ತಮಾಷೆ ಮಾಡಿದಾಗ ನೀವೂ ನಗುತ್ತೀರಲ್ಲ, ಅದು ಖುಷಿಗೋ, ಹೆದರಿಕೆಗೋ?