ಎದುರು ಮನೆಯ ಅಕ್ಕನ ಮೂರನೆಯ ಜಿಗಿತ

ಕಳೆದ ತಿಂಗಳು ಬೆಟಗೇರಿಯ ನಮ್ಮ ಹಳೆಯ ಓಣಿಯಲ್ಲಿ ಗರಡಿಮನೆ ಕೆಡವುತ್ತಿದ್ದರು. ಆ ಜಾಗದಲ್ಲಿ ಅಂಗಡಿಗಳು ಬರುತ್ತವಂತೆ. ನಾನು ಕೂತಿದ್ದ ಆಟೋ ಆ ಕಡೆ ತಿರುಗಿದ್ದೇ ತಡ, ವಾಸನೆ ಮೂಗಿಗೆ ಬಡಿಯಿತು. ಎಳ್ಳೆಣ್ಣೆ, ಹುಳಿ ಮಜ್ಜಿಗೆ, ಅರಿಶಿನ ಹಾಕಿ ವರ್ಷಗಟ್ಟಲೆ ಕಲಸಿದ ಕೆಂಪು ಮಣ್ಣಿನ ವಾಸನೆ. ಗರಡಿಯ ಹೊಸ್ತಿಲನ್ನೇ ದಾಟಲು ಬಿಡದ ನಮ್ಮಂಥ ಹೆಣ್ಣುಮಕ್ಕಳಿಗೆ ಆ ಮಣ್ಣಿನಿಂದ ಏನು ನೆನಪಾಗಬೇಕು? ಆದರೂ ನನಗೆ ಎದುರು ಮನೆಯ ಅಕ್ಕ ನೆನಪಾದಳು. ಅವಳ ಹಿಂದೆಯೇ ಸಿಟ್ಟೂ ಬಂತು. ಎಂಬತ್ತು ದಾಟಿದ ಮೇಲೆ ಸಿಟ್ಟು ತಾನಾಗಿ ಇಳಿಯುತ್ತದೆ ಎಂದು ಯಾರೋ ಹೇಳಿದ್ದರು. ಹೇಳಿದವರಿಗೆ ಎಂಬತ್ತು ಆಗಿರಲಿಲ್ಲ, ಅಷ್ಟೆ.

ಅವಳ ಅಪ್ಪ ನೇಕಾರ, ನನ್ನ ಅಪ್ಪ ನೂಲಿನ ವ್ಯಾಪಾರಿ. ಎರಡು ಮನೆಗಳ ನಡುವೆ ಒಂದು ಬಂಡಿ ಹೋಗುವಷ್ಟು ಜಾಗ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ತೆಳ್ಳಗೆ, ಕಪ್ಪಗೆ, ಮೊಣಕಾಲಿಂದ ಕೆಳಗೆ ಉದ್ದುದ್ದ ಕಾಲು. ಅವಳ ತಾಯಿಯ ತವರು ಶಿರಹಟ್ಟಿಯ ಕಡೆ. ಶಿರಹಟ್ಟಿ ಆಗಿನ್ನೂ ಸಂಸ್ಥಾನದ ಆಡಳಿತದಲ್ಲಿತ್ತು. ಅಜ್ಜನ ಹೊಲದ ಪಕ್ಕ ಒಂದು ಹಳ್ಳ. ಹಳ್ಳದ ಆಚೆ ಇಂಗ್ಲಿಷರದು, ಈಚೆ ರಾಜರದು ಎಂದು ಅಜ್ಜ ಹೇಳುತ್ತಿದ್ದನಂತೆ. ಅಕ್ಕ ಏಳೆಂಟು ವರ್ಷದವಳಿದ್ದಾಗಲೇ ಓಡಿ ಬಂದು ಒಂದೇ ನೆಗೆತಕ್ಕೆ ರಾಜರ ಸೀಮೆಯಿಂದ ಇಂಗ್ಲಿಷರ ಸೀಮೆಗೆ ಬೀಳುತ್ತಿದ್ದಳು. ಸ್ವಾತಂತ್ರ್ಯ ಬಂದು, ಸಂಸ್ಥಾನ ಹೋಗಿ, ಎರಡೂ ದಂಡೆ ಒಂದೇ ಆದ ಮೇಲೆ ಹಾರುವುದರಲ್ಲಿ ಮೊದಲಿನ ಮಜಾ ಉಳಿಯಲಿಲ್ಲ ಎಂದು ನನ್ನೆದುರು ನಗುತ್ತಿದ್ದಳು.

ಗದಗಿನ ಹೆಣ್ಣುಮಕ್ಕಳ ಶಾಲೆಗೆ ಬಂದ ಮೇಲೆ ಆ ನೆಗೆತಕ್ಕೆ ಉದ್ದ ಜಿಗಿತ ಎಂಬ ಹೆಸರಿದೆ ಎಂದು ಅವಳಿಗೆ ಗೊತ್ತಾಯಿತು. ಹೆಸರಿತ್ತು, ಬೀಳಲು ಜಾಗವಿರಲಿಲ್ಲ. ನಮ್ಮ ಎರೆಮಣ್ಣಿನ ಮೈದಾನ ಬೇಸಿಗೆಯಲ್ಲಿ ಬಿರಿದು ಕಲ್ಲಾಗುತ್ತಿತ್ತು. ಅಕ್ಕನ ಹಿಮ್ಮಡಿ ಒಡೆದು ರಕ್ತ ಸೋರುವುದನ್ನು ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದಿ ಒಂದು ದಿನ ನೋಡಿದ. ನಾಗರಪಂಚಮಿಗೆ ಗರಡಿಯಲ್ಲಿ ಹೊಸ ಮಣ್ಣು ಹಾಕುವುದು ವಾಡಿಕೆ. ಆ ವರ್ಷ ತೆಗೆದ ಹಳೆಯ ಮಣ್ಣನ್ನು ಆತ ಎರಡು ಚಕ್ಕಡಿ ತುಂಬಿಸಿ ಶಾಲೆಯ ಹಿಂದೆ ಸುರಿಸಿಬಿಟ್ಟ. ಹನುಮಪ್ಪನ ಎದುರಿಗಿದ್ದ ಮಣ್ಣಿನ ಮೇಲೆ ಹೆಣ್ಣುಮಗಳ ಕಾಲು ಬೀಳಬಹುದೇ ಎಂದು ಓಣಿಯ ಹಿರಿಯರು ಕೇಳಿದ್ದಕ್ಕೆ, ನನ್ನ ಹುಡುಗರ ಬೆವರು ಬಿದ್ದದ್ದಕ್ಕಿಂತ ಇದೇನೂ ಹೊಲಸಲ್ಲ ಎಂದು ಹೇಳಿ ಎಲೆ ಅಡಿಕೆ ಹಾಕಿಕೊಂಡನಂತೆ. ನನ್ನ ಪಾಲಿಗೆ ಆ ಊರಿನಲ್ಲಿ ಗಂಡಸು ಎಂದರೆ ಆತನೊಬ್ಬನೇ.

ಆ ಮಣ್ಣಿನಲ್ಲಿ ಅಕ್ಕ ಬೆಳೆದಳು. ತಾಲೂಕಿನಲ್ಲಿ ಮೊದಲು, ಲಕ್ಷ್ಮೇಶ್ವರದ ಕೂಟದಲ್ಲಿ ಮೊದಲು, ಧಾರವಾಡದ ಜಿಲ್ಲಾ ಕೂಟದಲ್ಲಿ ಮೊದಲು. ಬೆಳಗಾವಿಯಲ್ಲಿ ಇಡೀ ವಿಭಾಗದಲ್ಲೇ ಅಷ್ಟು ದೂರ ಯಾವ ಹುಡುಗಿಯೂ ಹಾರಿರಲಿಲ್ಲ ಎಂದು ಮರಾಠಿಯಲ್ಲಿ ಬರೆದು ಸಹಿ ಹಾಕಿ ಕೊಟ್ಟರು. ಮುಂದೆ ಉಳಿದದ್ದು ಪುಣೆ, ಇಡೀ ಮುಂಬಯಿ ರಾಜ್ಯದ ಕೂಟ. ಅಲ್ಲಿ ಮೊದಲು ಬಂದವರಿಗೆ ಡ್ರಿಲ್ ಟೀಚರ್ ತರಬೇತಿಗೆ ಸರಕಾರವೇ ಸೀಟು ಕೊಡುತ್ತಿತ್ತು.

ಅಷ್ಟರಲ್ಲಿ ಬೆಳಗಾವಿಯ ಫೋಟೋ ಒಂದು ಪತ್ರಿಕೆಯಲ್ಲಿ ಬಂತು. ಅಕ್ಕ ಗಾಳಿಯಲ್ಲಿದ್ದಳು, ಮೈಮೇಲೆ ಡ್ರಿಲ್ಲಿನ ಬಿಳಿ ಲಂಗ, ಮೊಣಕಾಲು ಕಾಣುತ್ತಿತ್ತು. ಊರಿಗೆ ಊರೇ ಆ ಮೊಣಕಾಲು ನೋಡಿತು, ಎಷ್ಟು ದೂರ ಹಾರಿದಳು ಎಂಬುದನ್ನು ಒಬ್ಬರೂ ಓದಲಿಲ್ಲ. ನಮ್ಮ ಓಣಿಯ ಯಜಮಾನರು ಅವಳ ಅಪ್ಪನನ್ನು ಕರೆಸಿದರು. ಅರಳೆಯ ದೊಡ್ಡ ವ್ಯಾಪಾರ ಅವರದು, ಖಾದಿ ತೊಟ್ಟವರು, ಜೈಲಿಗೆ ಹೋಗಿ ಬಂದವರು, ಕರ್ನಾಟಕ ಒಂದಾಗಬೇಕು ಎಂದು ಊರೂರು ತಿರುಗಿ ಭಾಷಣ ಮಾಡಿದವರು. ಅದನ್ನೆಲ್ಲ ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರು ತಂದ ಸ್ವಾತಂತ್ರ್ಯ ಹೆಣ್ಣುಮಗಳ ಮೊಣಕಾಲಿನವರೆಗೂ ಬರುವಷ್ಟು ಉದ್ದ ಇರಲಿಲ್ಲ. ಹುಡುಗಿ ಪುಣೆಗೆ ಹೋಗಲಿ, ಆದರೆ ಸೀರೆ ಉಟ್ಟೇ ಹಾರಬೇಕು ಎಂದರು. ಮೊದಲು ಬಂದರೆ ತರಬೇತಿಗೆ ಹೋಗಲಿ, ಇಲ್ಲದಿದ್ದರೆ ಮುಂಡರಗಿಯಿಂದ ಬಂದಿದ್ದ ಮದುವೆಯ ಸಂಬಂಧಕ್ಕೆ ಹೂಂ ಅನ್ನಬೇಕು ಎಂದರು. ಅವಳ ಅಪ್ಪ ಕೈಮುಗಿದು ಒಪ್ಪಿಕೊಂಡು ಬಂದ.

ಮಗಳ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ಆಕೆ ಹಾರಲು ಹಗುರಾಗಲಿ ಎಂದು ತಾನೇ ಮಗ್ಗಕ್ಕೆ ಕೂತು ಸಣ್ಣ ನೂಲಿನ ಸೀರೆ ನೇಯ್ದ. ಸೆರಗು ಬೇಡ ಅಪ್ಪಾ, ಸೀರೆಯನ್ನು ಗಿಡ್ಡ ಮಾಡು ಎಂದು ಅಕ್ಕ ಬೇಡಿಕೊಂಡಳು. ಅದೊಂದಕ್ಕೆ ಆತ ಕೇಳಲಿಲ್ಲ. ಸೆರಗಿಲ್ಲದ ಸೀರೆಯನ್ನು ಮಗಳಿಗೆ ಉಡಿಸಿದ ನೇಕಾರ ಎಂದು ಬೆಟಗೇರಿಯಲ್ಲಿ ಮುಖ ತೋರಿಸುವುದು ಹೇಗೆ? ಸೆರಗಿಗೆ ಕೆಂಪು ಪಟ್ಟಿ ಕೊಟ್ಟು, ಬೇರೆಯ ಸೀರೆಗಿಂತ ಒಂದು ಗೇಣು ಹೆಚ್ಚೇ ನೇಯ್ದ.

ಪುಣೆಗೆ ಅಕ್ಕನನ್ನು ಶಾಲೆಯ ಹೆಡ್‌ಮಿಸ್ಟ್ರೆಸ್, ನಮ್ಮ ದೊಡ್ಡ ಅಕ್ಕೋರು, ಕರೆದುಕೊಂಡು ಹೊರಟರು. ಜೊತೆಗೆ ನಾನು. ಹೊರಡುವ ದಿನ ಯಜಮಾನರು ಗದಗ ಸ್ಟೇಷನ್ನಿಗೆ ಬಂದು ನನ್ನನ್ನು ಹತ್ತಿರ ಕರೆದರು.

"ಆಕಿ ಜಿಗಿಯೂದು ಆಕಿ ನೋಡ್ಕೋತಾಳ. ಆಕಿ ಸೆರಗಿನ ಜವಾಬ್ದಾರಿ ನಿಂದು, ತಿಳೀತಿಲ್ಲೋ?"

ನಾನು ಹೂಂ ಎಂದೆ. ದೊಡ್ಡವರು ನನಗೂ ಒಂದು ಕೆಲಸ ಕೊಟ್ಟರಲ್ಲ ಎಂಬ ಹಮ್ಮಿನಲ್ಲಿ ಗಾಡಿ ಹತ್ತಿದೆ. ಹದಿನಾಲ್ಕು ವರ್ಷದ ಹುಡುಗಿಯ ಹಮ್ಮು...

ಮೈದಾನದಲ್ಲಿ ಸೀರೆ ಉಟ್ಟವಳು ಅಕ್ಕ ಒಬ್ಬಳೇ. ಮುಂಬಯಿ, ಪುಣೆಯ ಹುಡುಗಿಯರೆಲ್ಲ ಚಡ್ಡಿ ತೊಟ್ಟಿದ್ದರು, ನಮ್ಮನ್ನು ನೋಡಿ ಪಿಸುಗುಟ್ಟಿ ನಕ್ಕರು. ಅಕ್ಕ ಆ ಕಡೆ ತಿರುಗಿಯೂ ನೋಡಲಿಲ್ಲ. ಬಿಗಿಯಾಗಿ ಕಚ್ಚೆ ಹಾಕಿದಳು, ಸೆರಗನ್ನು ಎದೆಯ ಮೇಲಿಂದ ಸೊಂಟಕ್ಕೆ ಎರಡು ಸುತ್ತು ತಂದು ನನ್ನ ಕೈಯಿಂದ ಪಿನ್ನು ಹಾಕಿಸಿದಳು. ಒಬ್ಬೊಬ್ಬರಿಗೆ ಮೂರು ಜಿಗಿತ. ಮೊದಲನೆಯದರಲ್ಲೇ ಅಕ್ಕ ಎಲ್ಲರಿಗಿಂತ ಮುಂದೆ ಬಿದ್ದಳು, ನಗು ನಿಂತಿತು. ಎರಡನೆಯದರಲ್ಲಿ, ಓಡಿ ಬಂದು ಕಾಲೂರಿ ಮೇಲೇಳುವ ಹಲಗೆಯನ್ನು ತುಳಿದು ದಾಟಿದಳು, ಅದು ಲೆಕ್ಕಕ್ಕೆ ಬರಲಿಲ್ಲ. ಆಮೇಲೆ ಪುಣೆಯ ಒಬ್ಬ ಎತ್ತರದ ಹುಡುಗಿ ತನ್ನ ಕೊನೆಯ ಸರದಿಯಲ್ಲಿ ಅಕ್ಕನ ಗುರುತನ್ನು ದಾಟಿದಳು. ಉಳಿದದ್ದು ಅಕ್ಕನ ಮೂರನೆಯ ಜಿಗಿತ ಒಂದೇ.

ಆಗ ಯಜಮಾನರು ಬಂದರು. ಅರಳೆಯ ಕೆಲಸಕ್ಕೆ ಮುಂಬಯಿಗೆ ಹೊರಟವರು ದಾರಿಯಲ್ಲಿ ಇಳಿದಿದ್ದರಂತೆ. ಪೆಂಡಾಲಿನಲ್ಲಿ ಮುಂದಿನ ಕುರ್ಚಿಯಲ್ಲಿ ಕೂತು ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕನ ಕಡೆ ನೋಡಿದರು. ತೋಳು ಬರಿದು, ಬೆನ್ನು ಬರಿದು, ಸೆರಗು ಸೊಂಟದಲ್ಲಿ. ಆಮೇಲೆ ನನ್ನ ಕಡೆ ನೋಡಿದರು. ಒಂದು ಮಾತು ಆಡಲಿಲ್ಲ. ಆಡಿದ್ದರೆ ಇವತ್ತು ಎಲ್ಲವನ್ನೂ ಅವರ ತಲೆಗೆ ಕಟ್ಟಿ ನಾನು ಆರಾಮಾಗಿ ಇರುತ್ತಿದ್ದೆ.

ನಮ್ಮಲ್ಲಿ ಹಿರಿಯರು ಎದುರಿಗೆ ಬಂದರೆ ಹೆಣ್ಣುಮಕ್ಕಳ ಕೈ ತಾನಾಗಿ ಸೆರಗಿಗೆ ಹೋಗುತ್ತದೆ, ಹೆಗಲ ತುಂಬ ಹೊದೆಯುತ್ತೇವೆ. ಅಕ್ಕನ ಕೈ ಹೋಗಲಿಲ್ಲ. ಅವಳ ಕಣ್ಣು ಹಲಗೆಯ ಮೇಲಿತ್ತು, ತುಟಿ ಹೆಜ್ಜೆ ಎಣಿಸುತ್ತಿತ್ತು. ನನ್ನ ಕೈ ಹೋಯಿತು. ನೀರು ಕೊಡುವ ನೆಪ ಮಾಡಿ ಓಡಿದೆ, ಸೊಂಟದ ಪಿನ್ನು ಬಿಚ್ಚಿದೆ, ಆ ಉದ್ದನೆಯ ಸೆರಗನ್ನು ಎಳೆದು ಎರಡೂ ಹೆಗಲ ಮೇಲೆ ಹೊದಿಸಿದೆ. ಯಜಮಾನರು ಬಂದಾರ ಎಂದು ಕಿವಿಯಲ್ಲಿ ಹೇಳಿದೆ. ಅಕ್ಕ ಒಮ್ಮೆ ಹೆಗಲು ಕೊಡವಿದಳು, ನಾನು ಮತ್ತೆ ಹೊದಿಸಿದೆ. ಅಷ್ಟರಲ್ಲಿ ಅವಳ ಹೆಸರು ಕೂಗಿದರು.

ಅವಳು ಓಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಲಗೆಗೆ ಸರಿಯಾಗಿ ಕಾಲು ಬಿತ್ತು, ಮೇಲೆದ್ದಳು, ಎದ್ದವಳು ಇಳಿಯುವುದನ್ನೇ ಮರೆತಳೇನೋ ಎನ್ನಿಸಿತು. ಬಿದ್ದಾಗ ಮೈದಾನದ ತುಂಬ ಚಪ್ಪಾಳೆ. ಆ ಪುಣೆಯ ಹುಡುಗಿ ತಲೆ ತಗ್ಗಿಸಿ ನಿಂತಳು. ಆದರೆ ಅಕ್ಕನ ಹಿಂದೆ ಸೆರಗೂ ಬಂದು ಮರಳಿನ ಮೇಲೆ ಬಿದ್ದಿತ್ತು. ಅಳೆಯುವಾತ ಬಗ್ಗಿ ನೋಡಿದ, ಅಕ್ಕನ ಹಿಮ್ಮಡಿಯ ಕುಳಿಯನ್ನು ಬಿಟ್ಟು ಹಿಂದಕ್ಕೆ ಬಂದ, ಸೆರಗು ಗೀರಿದ ಜಾಗದಲ್ಲಿ ಕಬ್ಬಿಣದ ಮೊಳೆ ನೆಟ್ಟು ಟೇಪು ಹಿಡಿದ. ದೊಡ್ಡ ಅಕ್ಕೋರು ಓಡಿ ಹೋಗಿ ಇಂಗ್ಲಿಷಿನಲ್ಲಿ ಜಗಳ ಆಡಿದರು. ಆತ ನಿಯಮದ ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದ. ಮೈಯಾಗಲಿ ಬಟ್ಟೆಯಾಗಲಿ, ಹಲಗೆಗೆ ಹತ್ತಿರದ ಗುರುತೇ ಗುರುತು. ಹಾಗೆ ಅಳೆದಾಗ ಅಕ್ಕ ಎರಡನೆಯವಳಾದಳು.

ಯಜಮಾನರು ಕುರ್ಚಿಯಿಂದ ಎದ್ದು ಬಂದು ಅಕ್ಕನ ತಲೆಯ ಮೇಲೆ ಕೈಯಿಟ್ಟರು.

"ಸೋತ್ರ ಸೋತಿ, ಇರ್ಲಿ. ಊರ ಮರ್ಯಾದಿ ಉಳಿಸಿದಿ ನೋಡವ್ವಾ."

ಆ ಕೈಯನ್ನು ಕಿತ್ತೆಸೆಯಬೇಕಿತ್ತು ಎಂದು ನನಗೆ ಇಂದು ಅನ್ನಿಸುತ್ತದೆ. ಅಂದು ನಾನು ಮಾಡಿದ್ದು ಏನು ಗೊತ್ತೇ? ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ನನಗೂ ಶಭಾಸ್ ಅಂದರು.

ಹೋಳಿ ಹುಣ್ಣಿಮೆ ಕಳೆದ ಮೇಲೆ ಅಕ್ಕನ ಮದುವೆಯಾಯಿತು. ಅದೇ ವರ್ಷ ನವೆಂಬರಿನಲ್ಲಿ ಏಕೀಕರಣ. ಗದಗಿನ ತುಂಬ ತೋರಣ, ವಾದ್ಯ, ಮೆರವಣಿಗೆ. ನಮ್ಮ ನಾಡು ಒಂದಾಯಿತು ಎಂದು ನಾವೂ ಕುಣಿದೆವು, ಆ ಸಂತೋಷ ಖರೆಯೇ ಇತ್ತು. ಹೆಸರು ಮಾಡಿದ ಹೆಣ್ಣುಮಗಳು ಎಂದು ಯಜಮಾನರು ಮುಂಡರಗಿಯಿಂದ ಅಕ್ಕನನ್ನು ಕರೆಸಿದರು. ಕರೆಸಿ ಕೈಗೆ ಕೊಟ್ಟದ್ದು ಏನು? ತುಂಬಿದ ಕೊಡ. ಮೆರವಣಿಗೆಯ ಮುಂದೆ ತಲೆಯ ಮೇಲೆ ಕೊಡ ಹೊತ್ತು, ನೀರು ತುಳುಕದ ಹಾಗೆ ಸಣ್ಣ ಸಣ್ಣ ಹೆಜ್ಜೆ ಇಟ್ಟು ನಡೆಯಬೇಕು. ಆಗ ಅವಳು ಬಸುರಿ. ಬಿಸಿಲಲ್ಲಿ ಸ್ಟೇಷನ್ನಿನಿಂದ ಪೇಟೆಯವರೆಗೂ ನಡೆದಳು. ಹಾರುವ ಆ ಕಾಲನ್ನು ಹಾಗೆ ನಡೆಸಿದವರ ಬುದ್ಧಿಗೆ ಏನೆನ್ನಬೇಕು? ಬಲ್ಲವರೇ ಹೇಳಲಿ.

ಮುಂದೆ ಮುಂಡರಗಿಯ ಶಾಲೆಯಲ್ಲಿ ಡ್ರಿಲ್ ಟೀಚರ್ ಜಾಗ ಖಾಲಿಯಾದಾಗ ಗಂಡನನ್ನು ಹೇಗೋ ಒಪ್ಪಿಸಿ ಅರ್ಜಿ ಹಾಕಿದಳು. ಪೆಟ್ಟಿಗೆಯ ತಳದಲ್ಲಿದ್ದ ಸರ್ಟಿಫಿಕೇಟುಗಳನ್ನು ಸೀರೆಯ ನಡುವೆ ಇಟ್ಟು ಗೆರೆ ಬೀಳದಂತೆ ಒಯ್ದಳು. ಇವೆಲ್ಲ ಮುಂಬಯಿಯವು, ಮರಾಠಿಯಲ್ಲಿವೆ, ಮುಂಬಯಿಯವರನ್ನೇ ಕೇಳು ಎಂದರು ಇಲ್ಲಿಯವರು. ಅಲ್ಲಿಗೆ ಬರೆದರೆ, ನಿಮ್ಮ ಜಿಲ್ಲೆ ಈಗ ನಮ್ಮದಲ್ಲ ಎಂದು ಉತ್ತರ ಬಂತು, ಕೆಲಸ ಕೈತಪ್ಪಿತು. ಹೊಸ ರಾಜ್ಯದಲ್ಲಿ ಜಿಗಿತದ ದಾಖಲೆಯ ಪಟ್ಟಿ ಹೊಸದಾಗಿ ಶುರುವಾಯಿತು. ಅದರಲ್ಲಿ ಮೊದಲ ಹೆಸರಾಗಿ ಬಂದ ಹುಡುಗಿ ಅಕ್ಕನ ಬೆಳಗಾವಿಯ ಜಿಗಿತದ ಹತ್ತಿರಕ್ಕೂ ಬಂದಿರಲಿಲ್ಲ. ಅಕ್ಕ ಆ ಕಾಗದಗಳನ್ನು ಆಮೇಲೆ ಏನು ಮಾಡಿದಳೋ... ನಾನು ಕೇಳಲಿಲ್ಲ.

ಕೊನೆಯ ಸಲ ಅವಳನ್ನು ನೋಡಿದ್ದು ಮುಂಡರಗಿಯಲ್ಲೇ. ಮೊಣಕಾಲು ಊದಿ ಗೋಡೆ ಹಿಡಿದು ನಡೆಯುತ್ತಿದ್ದಳು. ಊಟ ಮಾಡಿಸಿದಳು, ಮಕ್ಕಳ ಸುದ್ದಿ, ಸೊಸೆಯ ಸುದ್ದಿ ಎಲ್ಲ ಆಯಿತು. ಹೊರಡುವಾಗ ಎಲೆ ಅಡಿಕೆ ಕೊಡುತ್ತ, ಪುಣೆಯ ಹೆಸರನ್ನು ಎಂದೂ ಎತ್ತದವಳು ಮೆಲ್ಲಗೆ ಕೇಳಿದಳು.

"ತಂಗಿ, ಆವತ್ತು ಪುಣೆದಾಗ ನೀ ಮರಳಿನ ಹತ್ರನ ಇದ್ದಿ. ನನ್ನ ಹಿಮ್ಮಡ ಎಲ್ಲಿ ಬಿದ್ದಿತ್ತು?"

ಪಿನ್ನು ಬಿಚ್ಚಿದವಳು ಯಾರು ಎಂದು ಕೇಳಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಆ ಲೆಕ್ಕ ಒಂದೇ, ಅದು ನನಗೆ ಗೊತ್ತಿತ್ತು. ಅಂದು ಎಲ್ಲರೂ ಯಜಮಾನರ ಸುತ್ತ ನಿಂತಿದ್ದಾಗ, ಮರಳು ಸಮ ಮಾಡುವವನು ಬರುವ ಮೊದಲು ನಾನು ಕುಕ್ಕರಗಾಲಲ್ಲಿ ಕೂತು ಸೆರಗಿನ ಗೀರಿನಿಂದ ಹಿಮ್ಮಡಿಯ ಕುಳಿಯವರೆಗೆ ಗೇಣು ಹಾಕಿ, ಮಿಕ್ಕದ್ದಕ್ಕೆ ಬೆರಳಿಟ್ಟು ಬಟ್ಟಿನ ಲೆಕ್ಕದಲ್ಲಿ ಅಳೆದಿದ್ದೆ. ಬಾಯಿ ತೆರೆದೆ. ಆದರೆ ಆ ಲೆಕ್ಕ ಹೇಳಿದರೆ ಅಷ್ಟನ್ನೂ ಕಿತ್ತುಕೊಂಡವಳು ನಾನೇ ಎಂದು ನನ್ನ ಬಾಯಿಂದಲೇ ಹೇಳಿದಂತಾಗುತ್ತಿತ್ತು. ನಾ ನೋಡಲಿಲ್ಲ ಅಕ್ಕಾ ಎಂದೆ. ಆಕೆ ಆತು ಬಿಡು ಎಂದು ನನ್ನ ಉಡಿಯಲ್ಲಿ ಅಕ್ಕಿ ಹಾಕಿದಳು.

ಅವಳು ಹೋಗಿ ಬಹಳ ವರ್ಷಗಳಾದವು. ಗರಡಿಯ ಮಣ್ಣಿನ ವಾಸನೆ ಬಂದ ದಿನ ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಆಗಿನ ಕಾಲ ಹಾಗಿತ್ತು ಅಜ್ಜಿ, ನಿನಗೇನು ಮಾಡಲಿಕ್ಕೆ ಆಗತಿತ್ತು ಎಂದು ಸಮಾಧಾನ ಮಾಡಿದಳು. ಒಳ್ಳೆಯ ಹುಡುಗಿ. ಅವಳ ಮೇಲೂ ಸಿಟ್ಟು ಬಂತು. ಕಾಲ ಬಂದು ಆ ಪಿನ್ನು ಬಿಚ್ಚಲಿಲ್ಲ. ಯಜಮಾನರು ಬರೀ ನೋಡಿದರು. ಬಿಚ್ಚಿದ್ದು ಈ ಕೈ, ಈಗಲೂ ಮಡಿಲಲ್ಲಿ ಕೂತಿದೆ, ಹೆಬ್ಬೆರಳು ಸ್ವಲ್ಪ ಸೊಟ್ಟಗಾಗಿದೆ.

ಒಂದು ಗೇಣು ನಾಕು ಬಟ್ಟು, ಅಕ್ಕಾ. ಪುಣೆಯ ಹುಡುಗಿ ಗೆದ್ದದ್ದು ಮೂರೇ ಬಟ್ಟಿನಿಂದ.